ಬಾಣಂತಿಯ ಮಂಚ ಮತ್ತು ರಕ್ತದ ಹೆಪ್ಪು

ವಿಜಯನಗರ, ಕೆಂಗೇರಿಗಳ ಕೆಲವು ಮನೆಗಳಲ್ಲಿ ಇಂದಿಗೂ ಬಾಣಂತಿಯನ್ನು ವಾರಗಟ್ಟಲೆ ಮಂಚದಿಂದ ಇಳಿಯಗೊಡುವುದಿಲ್ಲ. ಉದ್ದೇಶವೇನೋ ಒಳ್ಳೆಯದೇ, ಆದರೆ ದೇಹಧರ್ಮ ಬೇರೆ. ಹೆರಿಗೆಯಲ್ಲಿ ರಕ್ತಸ್ರಾವ ಮಿತಿಮೀರದಿರಲೆಂದು ಗರ್ಭಿಣಿಯ ರಕ್ತಕ್ಕೆ ಬೇಗನೆ ಹೆಪ್ಪುಗಟ್ಟುವ ಗುಣ ಬಂದಿರುತ್ತದೆ. ಹೆರಿಗೆಯ ಅನಂತರವೂ ಸುಮಾರು 6 ವಾರ ಅದು ಉಳಿಯುತ್ತದೆ. ಕಾಲುಗಳು ಚಲಿಸದಿದ್ದರೆ ಅಲ್ಲಿನ ಅಭಿಧಮನಿಗಳಲ್ಲಿ ರಕ್ತದ ಓಟ ಕುಂದಿ ಹೆಪ್ಪುಗಟ್ಟೀತು. ಆ ಹೆಪ್ಪು ಕಳಚಿ, ಹೃದಯವನ್ನು ಹಾಯ್ದು, ಶ್ವಾಸಕೋಶದ ಅಪಧಮನಿಯನ್ನು ಮುಚ್ಚಿದರೆ ಪ್ರಾಣಕ್ಕೇ ಅಪಾಯ. ಶಸ್ತ್ರಚಿಕಿತ್ಸೆ, ಮೂಳೆಮುರಿತಗಳ ತರುವಾಯವೂ ಇದೇ ಭಯವುಂಟು. ಒಂದು ಕಾಲಿನ ಬಾವು, ಹಠಾತ್ತಾದ ಏದುಸಿರು, ಎದೆನೋವುಗಳು ಕಂಡಾಗ ‘ವಾಯು’ವೆಂದು ಕಷಾಯ ಕುಡಿಸುತ್ತ ಕೂಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ಸಿ.ಟಿ. ಚಿತ್ರದಲ್ಲಿ ಹೆಪ್ಪು ಗೋಚರಿಸುತ್ತದೆ. ಆರೈಕೆಯೆಂದರೆ ಮಲಗಿಸಿಯೇ ಇಡುವುದಲ್ಲ. ವೈದ್ಯರು ಒಪ್ಪಿದೊಡನೆ ನಡೆದಾಡಿಸುವುದು. ಮನೆಯ ಹಿರಿಯರಿಗೆ ಇದನ್ನು ವಿನಯದಿಂದ ತಿಳಿಸುವುದು ವಿದ್ಯಾರ್ಥಿಗಳಾದ ನಿಮ್ಮ ಕರ್ತವ್ಯವಲ್ಲವೆ?