ಗೋಡೆಯ ಮೇಲೊಂದು ರಸಾಯನ ಪಾಠ

ಜಯನಗರ, ಬನಶಂಕರಿಗಳ ಹೊಸ ಮನೆಗಳಲ್ಲಿ ಹಾಲ್‌ನ ಒಂದು ಗೋಡೆಗಾದರೂ ‘ಟೆಕ್ಸ್ಚರ್’ ಮಾಡಿಸುವುದುಂಟು. ಬಣ್ಣದ ಅಂಗಡಿಯಲ್ಲಿ ‘ವೆನೀಷಿಯನ್ ಪ್ಲಾಸ್ಟರ್’ ಎಂಬ ಹೆಸರೂ ಕೇಳಿಬರುತ್ತದೆ. ಅದರ ಮೂಲ ಸರಕು ಬೇರೇನಲ್ಲ, ಸುಣ್ಣ ಮತ್ತು ಅಮೃತಶಿಲೆಯ ಪುಡಿ! ನಮ್ಮ ಗಾರೆಯೂ ಸುಣ್ಣ, ಮರಳುಗಳ ಮಿಶ್ರಣವೇ. ಸಿಮೆಂಟ್ ಬಂದ ಮೇಲೆ ಸುಣ್ಣ ಹಿಂದೆ ಸರಿಯಿತು. ‘ಗಾರೆ ಕೆಲಸ’ ಎಂಬ ಹೆಸರು ಮಾತ್ರ ಉಳಿಯಿತು.

ವಿದ್ಯಾರ್ಥಿಗಳೇ, ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆಂದು 10ನೇ ತರಗತಿಯಲ್ಲಿ ಓದುತ್ತೀರಿ. ಸುಣ್ಣದ ಗೋಡೆ ಗಟ್ಟಿಯಾಗುವುದು ಹೀಗೆಯೇ.

ರಜೆಯಲ್ಲಿ ಒಂದು ಪ್ಲೈವುಡ್ ತುಂಡಿನ ಮೇಲೆ ಕೈ ಪಳಗಿಸಿ. ಪ್ರೈಮರ್ ಒಣಗಿದ ಮೇಲೆ ಸಿದ್ಧ ಟೆಕ್ಸ್ಚರ್ ಪೇಸ್ಟನ್ನು ಸುಮಾರು 2 ಮಿ.ಮೀ. ದಪ್ಪ ಬಳಿದು, ಹಸಿಯಿರುವಾಗಲೇ ಹಳೆಯ ಬಾಚಣಿಗೆ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ತಿಳಿ ಬಣ್ಣ ಹಚ್ಚಿ. ಅದೂ ಒಣಗಲಿ. ಬಳಿಕ ಗ್ಲೇಜ್, ಅಂದರೆ ಪಾರದರ್ಶಕವಾದ ತೆಳು ಬಣ್ಣ, ಬಳಿದು ಕೂಡಲೇ ಬಟ್ಟೆಯಿಂದ ಒರೆಸಿ. ಉಬ್ಬಿನಲ್ಲಿ ಬಣ್ಣ ಹೋಗಿ ತಗ್ಗಿನಲ್ಲಿ ನಿಲ್ಲುತ್ತದೆ. ಗೋಡೆಗೆ ಆಳ ಬರುವುದು ಈ ನೆರಳಿನಿಂದ.

ಪೋಷಕರಿಗೆ ಎರಡು ಮಾತು. ತೇವ ಆರದ ಗೋಡೆಗೆ ಎಷ್ಟು ಖರ್ಚು ಮಾಡಿದರೂ ಪದರ ಏಳುತ್ತದೆ. ಮೊದಲು ಸೋರಿಕೆ ನಿಲ್ಲಿಸಿ. ಹಸಿ ಸುಣ್ಣ ಕಣ್ಣನ್ನು ಸುಡುತ್ತದೆ, ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಇನ್ನು, ‘ಓದದಿದ್ದರೆ ಗಾರೆ ಕೆಲಸಕ್ಕೆ ಹೋಗು’ ಎಂದು ಮಕ್ಕಳನ್ನು ಗದರಿಸುವುದನ್ನು ಬಿಡೋಣ. ಆ ಕೆಲಸಕ್ಕೂ ಓದು ಬೇಕು, ಹದವೂ ಗೊತ್ತಿರಬೇಕು.