ಸುಳ್ಳು ಹೇಳುತ್ತಿದ್ದ ಸ್ಟೀರಿಂಗು

ಮಗ ಇಂಜಿನಿಯರಿಂಗ್ ಹಾಸ್ಟೆಲ್ಲಿಗೆ ಹೋಗುವಾಗ ಮಂಚದ ಕೆಳಗೆ ಎರಡು ವಸ್ತು ಬಿಟ್ಟುಹೋದ. ಒಂದು ಕ್ರಿಕೆಟ್ ಕಿಟ್ಟು. ಇನ್ನೊಂದು ಕಾರ್ ರೇಸ್ ಆಟದ ಸ್ಟೀರಿಂಗ್ ವ್ಹೀಲು, ಪೆಡಲ್ಲುಗಳ ಸಮೇತ. ಸೆಕೆಂಡ್‌ಹ್ಯಾಂಡ್ ಮಾಲು, ಅವನ ಸ್ಕಾಲರ್‌ಶಿಪ್ ದುಡ್ಡಲ್ಲಿ ತಂದದ್ದು. ಎಸೆಯೋಕೆ ನನಗೆ ಮನಸ್ಸು ಬರಲಿಲ್ಲ.

ಅದನ್ನು ಹೊರಗೆ ತೆಗೆಸಿದ್ದು ನಮ್ಮಪ್ಪ. ಅಪ್ಪ 28 ವರ್ಷ ಕೆಎಸ್‌ಆರ್‌ಟಿಸಿ ಡ್ರೈವರ್. ಅದರಲ್ಲಿ ಹೆಚ್ಚಿನ ವರ್ಷ ಚಾರ್ಮಾಡಿ ಘಾಟಿಯ ಮೇಲೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದವು. ಈಗ ನಡೀತಾರೆ, ಲೋಟ ಹಿಡೀತಾರೆ. ಆದರೆ ಗಾಡಿ ಮುಟ್ಟಕೂಡದು ಅಂತ ಡಾಕ್ಟರು ಹೇಳಿದ ದಿನದಿಂದ ಕಿಟಕಿ ಪಕ್ಕ ಕೂತು ರಸ್ತೆ ನೋಡೋದೇ ಕೆಲಸವಾಗಿಬಿಟ್ಟಿತ್ತು. ಒಂದು ದಿನ ಮಂಚದ ಕೆಳಗೆ ಕೋಲಿನಿಂದ ತಟ್ಟಿ, 'ಅದೇನೋ ಸ್ಟೀರಿಂಗ್ ಇದೆಯಲ್ಲ' ಅಂದರು. ಫಿಸಿಯೋಥೆರಪಿ ಹುಡುಗಿಯನ್ನು ಕೇಳಿದೆ. ಕೈಗೆ ನೋವಾಗದ ಹಾಗೆ ಅರ್ಧ ಗಂಟೆ ಆಡಿಸಿ, ತೊಂದರೆ ಇಲ್ಲ ಅಂದಳು.

ನಾನೋ, ಟಿವಿ ರಿಮೋಟಿನಲ್ಲಿ ಇನ್‌ಪುಟ್ ಬದಲಿಸಲಿಕ್ಕೂ ಮಗನನ್ನು ಕರೆಯುತ್ತಿದ್ದವಳು. ವೈರು ಸಿಕ್ಕಿಸಿದೆ, ಅಸೆಟ್ಟೊ ಕೋರ್ಸಾ ಅನ್ನೋ ಆಟ ತೆರೆದೆ, ಇಟಲಿಯ ಮಜೋನೆ ಅನ್ನೋ ಪುಟ್ಟ ರೇಸ್ ಟ್ರ್ಯಾಕ್ ಹಾಕಿ, ಅಬಾರ್ತ್ 500 ಅನ್ನೋ ಪುಟ್ಟ ಕಾರಲ್ಲಿ ಅಪ್ಪನನ್ನು ಕೂರಿಸಿದೆ. ಮೊದಲ ತಿರುವಿಗೇ ಗೋಡೆ. ಎರಡನೇ ಸಲವೂ ಗೋಡೆ. ಮೂರನೇ ಸಲ ಕಾರು ಗಿರಗಿರ ಸುತ್ತಿ ಹುಲ್ಲಲ್ಲಿ ನಿಂತಿತು. ಅಪ್ಪ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆ ಮೇಲಿಟ್ಟುಕೊಂಡು, 'ಸಾಕು ಬಿಡು, ಕೈ ಹೋಯ್ತು' ಅಂದು ಎದ್ದುಹೋದರು. ಆ ರಾತ್ರಿ ಊಟಕ್ಕೂ ಕೂರಲಿಲ್ಲ.

ತಪ್ಪು ಅವರ ಕೈಯದಲ್ಲ ಅಂತ ನನಗೆ ಗೊತ್ತಾಗಿದ್ದು ಮಾರನೇ ದಿನ, ಮಗ ಫೋನಲ್ಲಿ ಒಂದೊಂದೇ ಕಿಟಕಿ ತೆರೆಸಿದಾಗ. ಆ ವ್ಹೀಲು ಒಂದು ಕೊನೆಯಿಂದ ಇನ್ನೊಂದು ಕೊನೆಗೆ 900 ಡಿಗ್ರಿ ತಿರುಗುತ್ತೆ, ಅಂದರೆ ಎರಡೂವರೆ ಸುತ್ತು. ಇವನು ಯಾವುದೋ ಬೇರೆ ಆಟಕ್ಕೆ ಅಂತ ಅದನ್ನು 240ಕ್ಕೆ ಇಳಿಸಿಟ್ಟಿದ್ದ. ಆಟ ಮಾತ್ರ 900 ಅಂತಲೇ ತಿಳಿದುಕೊಂಡಿತ್ತು. ಹೀಗಾಗಿ ಅಪ್ಪ ಒಂದು ಗೇಣು ತಿರುಗಿಸಿದರೆ ಕಾರು ಹತ್ತಿರ ಹತ್ತಿರ ನಾಲ್ಕು ಗೇಣಿನಷ್ಟು ತಿರುಗುತ್ತಿತ್ತು. ಯಾರು ಕೂತಿದ್ದರೂ ಗೋಡೆಯೇ. ವ್ಹೀಲಿನ ಸಾಫ್ಟ್‌ವೇರಿನಲ್ಲೂ ಆಟದಲ್ಲೂ ಎರಡೂ ಕಡೆ 900 ಇಟ್ಟರೆ ಮುಗೀತು, ಯಾವ ಕಾರಿಗೆ ಎಷ್ಟು ಬೇಕೋ ಆಟವೇ ಲೆಕ್ಕ ಹಾಕಿಕೊಳ್ಳುತ್ತೆ. 'ಎರಡೂವರೆ ಸುತ್ತೇ ಸುತ್ತಾ? ನಮ್ಮ ಹಳೇ ಗಾಡಿಗೆ ಇದು ಎಲ್ಲಿಗೆ ಸಾಕು' ಅಂತ ಅಪ್ಪ ಮೂಗು ಮುರಿದರು. ಆದರೂ ಮತ್ತೆ ಬಂದು ಕೂತರಲ್ಲ, ಅಷ್ಟು ಸಾಕಾಯಿತು ನನಗೆ.

ಕೂತ ಮೇಲೆ ಇನ್ನೊಂದು ಫಜೀತಿ. ಮಗನ ಕುರ್ಚಿಗೆ ಚಕ್ರ ಇದೆ. ಅಪ್ಪ ಬ್ರೇಕ್ ಒತ್ತಿದರೆ ಕಾರು ನಿಲ್ಲೋ ಬದಲು ಅಪ್ಪ ಹಿಂದಕ್ಕೆ ಹೋಗೋರು! ನಕ್ಕು ನಕ್ಕು ಸಾಕಾಯಿತು. ಪ್ಲಾಸ್ಟಿಕ್ ಕುರ್ಚಿ ತಂದೆ, ಪೆಡಲ್ ಹಲಗೆಯನ್ನು ಗೋಡೆಗೆ ಒತ್ತಿ ಇಟ್ಟೆ, ಕೆಳಗೆ ಹಳೇ ಯೋಗದ ಚಾಪೆ. ಬಾಕಿಯದ್ದನ್ನು ಅಪ್ಪನೇ ಹೇಳಿಕೊಟ್ಟರು. ಬೆನ್ನು ಕುರ್ಚಿಗೆ ಆನಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಸೆಟ್ಟಿಂಗ್ಸು ಗಿಟ್ಟಿಂಗ್ಸು ಎಲ್ಲ ಆಮೇಲೆ. ಮೊದಲು ಕೂರೋದು ಸರಿಯಾಗಲಿ ಅಂದರು. ರೇಸಿನವರು ಎಡಗಾಲಲ್ಲಿ ಬ್ರೇಕ್ ಒತ್ತುತ್ತಾರೆ ಅಂತ ಮಗ ಹೇಳಿದ್ದಕ್ಕೆ, 'ಅವರಿಗೆ ಪ್ಯಾಸೆಂಜರ್ ಇಲ್ಲ' ಅಂತ ಒಂದೇ ಮಾತಲ್ಲಿ ಮುಗಿಸಿದರು. ಗೇರನ್ನು ಸ್ಟೀರಿಂಗಿನ ಹಿಂದಿನ ಬಲ ಪಟ್ಟಿಗೆ ಕೊಟ್ಟಿದ್ದರಿಂದ ಕ್ಲಚ್ಚಿನ ಗೊಡವೆಯೇ ಬರಲಿಲ್ಲ.

ಈಗ ಕಾರು ರಸ್ತೆ ಮೇಲೆ ನಿಲ್ಲುತ್ತಿತ್ತು. ಆದರೂ ಅಪ್ಪನ ಮುಖ ಸಪ್ಪೆ. ಏನಪ್ಪಾ ಅಂದರೆ, 'ಇದು ಸುಳ್ಳು ಹೇಳ್ತಿದೆ ಕಣೇ' ಅಂದರು. ನನಗೆ ಅರ್ಥವಾಗಲಿಲ್ಲ. ಕಾರನ್ನು ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ, ಕೈಬಿಟ್ಟರು. ಅದು ಸುಯ್ಯನೆ ನೆಟ್ಟಗಾಯಿತು. 'ನಿಂತ ಗಾಡಿ ಸ್ಟೀರಿಂಗು ತಾನಾಗಿ ನೆಟ್ಟಗಾಗೋದು ಯಾವೂರ ನ್ಯಾಯ? ಗಾಡಿ ಓಡಬೇಕು, ಟೈರು ಉರುಳಬೇಕು, ಆಗ ಅದು ವಾಪಸ್ ಬರೋದು.'

ಮಗನಿಗೆ ಫೋನ್ ಮಾಡಿ ಹೀಗಂತೆ ಅಂದೆ. ಅತ್ತ ಕಡೆ ಎರಡು ಕ್ಷಣ ಸದ್ದಿಲ್ಲ. 'ಅಜ್ಜ ಅದನ್ನ ಕಂಡುಹಿಡಿದ್ರಾ?' ಅಂದ. ವಿಷಯ ಇಷ್ಟು. ವ್ಹೀಲಿನ ಸಾಫ್ಟ್‌ವೇರಿನಲ್ಲಿ ಸೆಂಟರಿಂಗ್ ಸ್ಪ್ರಿಂಗ್ ಅಂತ ಒಂದು ಆಯ್ಕೆ ಇರುತ್ತೆ. ಬಲವನ್ನು ಕೈಗೆ ಮುಟ್ಟಿಸಲು ಬಾರದ ಹಳೇ ಆಟಗಳಿಗಾಗಿ ಇರೋದು ಅದು. ಕಾರು ಏನೇ ಮಾಡುತ್ತಿರಲಿ, ಮೋಟಾರು ಸುಮ್ಮನೆ ವ್ಹೀಲನ್ನು ನಡುವಿಗೆ ಎಳೀತಾ ಇರುತ್ತೆ. ಒಳ್ಳೇ ಸಿಮ್ಯುಲೇಟರ್ ಆಟಗಳು ಹಾಗಲ್ಲ. ಮುಂದಿನ ಟೈರಿನ ಮೇಲೆ ಎಷ್ಟು ಭಾರ ಬಿದ್ದಿದೆ, ಅದು ಎಷ್ಟು ಜಾರುತ್ತಿದೆ ಅನ್ನೋದನ್ನು ಲೆಕ್ಕ ಹಾಕಿ ಆ ಬಲವನ್ನೇ ಮೋಟಾರಿಗೆ ಕಳಿಸುತ್ತವೆ. ಫೋರ್ಸ್ ಫೀಡ್‌ಬ್ಯಾಕ್ ಅನ್ನೋದು ಇದಕ್ಕೇ. ನಮ್ಮ ವ್ಹೀಲಿನಲ್ಲಿ ನಿಜವಾದ ಬಲದ ಮೇಲೆ ಈ ಸ್ಪ್ರಿಂಗಿನ ಬಲವೂ ಕೂತು ಮುಚ್ಚಿಹಾಕಿತ್ತು. ಸ್ಪ್ರಿಂಗನ್ನು ಸೊನ್ನೆಗೆ ಇಳಿಸಿದೆ.

ಆಮೇಲೆ ಅಪ್ಪ ಎರಡು ಸುತ್ತು ಹೋದರು, ಮಾತಿಲ್ಲ. ಮೂರನೇ ಸುತ್ತಲ್ಲಿ ಒಂದು ತಿರುವಿನಲ್ಲಿ ವೇಗ ಹೆಚ್ಚಾಯಿತು. 'ಹಾಂ, ಹಗುರಾಯ್ತು' ಅಂದರು. ಅಂದ ಮೇಲೆ ಕಾರು ಹೊರಗೆ ಜಾರಿದ್ದು ನನಗೆ ಕಂಡಿತು. ಮುಂದಿನ ಟೈರು ಹಿಡಿತ ಬಿಡೋಕೆ ಶುರುಮಾಡಿದಾಗ ಸ್ಟೀರಿಂಗು ಕೈಯಲ್ಲಿ ಹಗುರಾಗುತ್ತೆ, ಮಳೆಗಾಲದ ಘಾಟಿಯಲ್ಲಿ ಜೀವ ಉಳಿಸೋದು ಅದೇ ಹಗುರ ಅಂತೆ. ಕಣ್ಣಿಗೆ ಕಾಣೋ ಮುಂಚೆ ಕೈಗೆ ಗೊತ್ತಾಗುತ್ತೆ. ಆ ಕೈ ಎಲ್ಲೂ ಹೋಗಿರಲಿಲ್ಲ.

ಇಲ್ಲೇ ನಾನೊಂದು ಎಡವಟ್ಟು ಮಾಡಿದೆ. ಅಪ್ಪನಿಗೆ ಇನ್ನೂ ಚೆನ್ನಾಗಿ ಗೊತ್ತಾಗಲಿ ಅಂತ ಬಲವನ್ನು ನೂರಕ್ಕೆ ನೂರು ಏರಿಸಿಬಿಟ್ಟೆ. ಮೋಟಾರಿಗೂ ಒಂದು ಮಿತಿ ಇದೆಯಲ್ಲ. ಆಟ ಅದಕ್ಕಿಂತ ಹೆಚ್ಚು ಕೇಳಿದಾಗ ಅದು ಪೂರ್ತಿ ಬಲದಲ್ಲೇ ನಿಂತುಬಿಡುತ್ತೆ. ದೊಡ್ಡ ತಿರುವಿಗೂ ಅಷ್ಟೇ, ಅದಕ್ಕಿಂತ ದೊಡ್ಡದಕ್ಕೂ ಅಷ್ಟೇ. ಕ್ಲಿಪ್ಪಿಂಗ್ ಅನ್ನುತ್ತಾರೆ ಇದನ್ನು. ಮೈಕಿನ ಹತ್ತಿರ ಕೂಗಿದರೆ ಮಾತು ಒಡೆದು ಬರೀ ಗದ್ದಲ ಬರುತ್ತಲ್ಲ, ಹಾಗೆ. ಬಲ ಜಾಸ್ತಿ, ಸುದ್ದಿ ಕಮ್ಮಿ. ಮೇಲಾಗಿ ಅಪ್ಪನ ಎಡಗೈಗೆ ಅಷ್ಟು ಒದೆ ಕೂಡದು. ಕಡಿಮೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ನಮ್ಮಲ್ಲಿ 55ಕ್ಕೆ ನಿಲ್ಲಿಸಿದೆವು. ನಿಮ್ಮ ವ್ಹೀಲಿಗೆ ಬೇರೆ ಇರಬಹುದು. ಒಂದು ಮಾತು ಮಾತ್ರ ಎಲ್ಲರಿಗೂ: ಹೆಬ್ಬೆರಳನ್ನು ಒಳಗಿನ ಕಡ್ಡಿಗಳಿಗೆ ಸಿಕ್ಕಿಸಿ ಹಿಡೀಬೇಡಿ. ಕಾರು ಗುದ್ದಿದಾಗ ವ್ಹೀಲು ತಟ್ಟನೆ ತಿರುಗಿ ಬೆರಳು ಉಳುಕುತ್ತೆ. ಪ್ಲಗ್ ಹಾಕಿದ ಕೂಡಲೇ ಅದು ತಾನೇ ಎಡಕ್ಕೂ ಬಲಕ್ಕೂ ಕೊನೇವರೆಗೆ ತಿರುಗಿ ತನ್ನ ನಡು ಹುಡುಕಿಕೊಳ್ಳುತ್ತೆ, ಆಗಲೂ ಕೈ ದೂರ.

ಬ್ರೇಕಿನ ವಿಷಯದಲ್ಲಿ ಅಪ್ಪ ಇವತ್ತಿಗೂ ಒಪ್ಪಿಲ್ಲ. ನಮ್ಮಂಥ ಕಡಿಮೆ ಬೆಲೆಯ ಪೆಡಲ್ಲು ಕಾಲು ಎಷ್ಟು ದೂರ ಕೆಳಗೆ ಹೋಯಿತು ಅಂತ ಅಳೆಯುತ್ತೆ. ಲೋಡ್ ಸೆಲ್ ಅನ್ನೋ ದುಬಾರಿ ಪೆಡಲ್ಲು ಎಷ್ಟು ಒತ್ತಿದಿರಿ ಅಂತ ಅಳೆಯುತ್ತೆ. ನಿಜವಾದ ಬ್ರೇಕಿನ ನೆನಪು ಕಾಲಿಗಿರೋದು ಒತ್ತಡದ್ದೇ ಹೊರತು ದೂರದ್ದಲ್ಲ. ಆಟದಲ್ಲಿ ಬ್ರೇಕ್ ಗಾಮಾ ಅನ್ನೋದನ್ನು ಏರಿಸಿದರೆ ಮೊದಲ ಅರ್ಧ ಒತ್ತಿನಲ್ಲಿ ಬ್ರೇಕು ಮೆತ್ತಗೆ ಹಿಡಿಯುತ್ತೆ, ಅಷ್ಟರಮಟ್ಟಿಗೆ ಸಮಾಧಾನ. ಕೆಲವು ಆಟಗಳಲ್ಲಿ ಪೆಡಲ್ಲು ತಿರುಗುಮುರುಗಾಗಿ, ಮುಟ್ಟದೇ ಇದ್ದರೂ ಕಾರು ಓಡುತ್ತೆ. ಹೆದರಬೇಡಿ, ಆ ಪೆಡಲ್ಲಿನ ಇನ್ವರ್ಟ್ ಗುರುತು ಒತ್ತಿದರೆ ಸರಿಹೋಗುತ್ತೆ.

ಪರದೆಯ ಕೋನವನ್ನು ನಾನೇ ಸರಿಮಾಡಿದೆ ಅಂತ ಸ್ವಲ್ಪ ಜಂಬ. ಆಟ ತೋರಿಸೋ ನೋಟದ ಅಗಲ, ಅಂದರೆ ಫೀಲ್ಡ್ ಆಫ್ ವ್ಯೂ, ಜಾಸ್ತಿಯಾದರೆ ತಿರುವುಗಳು ದೂರ ಇದ್ದ ಹಾಗೆ ಕಂಡು ಬ್ರೇಕ್ ಹಾಕೋ ಜಾಗದ ಅಂದಾಜೇ ತಪ್ಪುತ್ತೆ. ನಮ್ಮದು 24 ಇಂಚಿನ ಮಾನಿಟರು, ಅಗಲ 53 ಸೆಂಟಿಮೀಟರು, ಅಪ್ಪನ ಕಣ್ಣಿಗೂ ಅದಕ್ಕೂ 70 ಸೆಂಟಿಮೀಟರು. ಹಳೇ ಪೇಪರಿನ ಮೇಲೆ ಅದನ್ನೇ ಸಣ್ಣದಾಗಿ ಬರೆದು, ಮಗನ ಹೈಸ್ಕೂಲು ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟು ಅಳೆದೆ. ಅಡ್ಡಕ್ಕೆ ಹೆಚ್ಚುಕಡಿಮೆ 41 ಡಿಗ್ರಿ, ಉದ್ದಕ್ಕೆ 24. ಈ ಆಟ ಕೇಳೋದು ಉದ್ದದ್ದನ್ನು. ಮೊದಮೊದಲು ಕೊಳವೆಯಲ್ಲಿ ನೋಡಿದ ಹಾಗಿರುತ್ತೆ, ಎರಡು ದಿನಕ್ಕೆ ಅಭ್ಯಾಸ.

ವ್ಹೀಲಿಲ್ಲದೆ ಕೈಗೊಂಬೆಯಂಥ ಗೇಮ್‌ಪ್ಯಾಡಿನಲ್ಲಿ ಆಡೋ ಮಕ್ಕಳಿದ್ದರೆ ನೋಡಬೇಕಾದ್ದು ಒಂದೇ, ಡೆಡ್‌ಝೋನ್. ಹಳೇ ಕಡ್ಡಿ ಮುಟ್ಟದೆಯೂ ಒಂದು ಕಡೆ ಎಳೆಯುತ್ತಿದ್ದರೆ ಅದನ್ನು ಸ್ವಲ್ಪ ಏರಿಸಿ, ಎಳೆತ ನಿಂತ ಕೂಡಲೇ ಅಲ್ಲಿಗೇ ಬಿಡಿ. ಸ್ಟೀರಿಂಗ್ ವ್ಹೀಲಿಗಾದರೆ ಸೊನ್ನೆಯೇ ಇರಲಿ.

ಹೋದ ಭಾನುವಾರ ಮಗ ಮನೆಗೆ ಬಂದಿದ್ದ. ಜರ್ಮನಿಯ ನ್ಯೂರ್‌ಬರ್ಗ್‌ನ ನಾರ್ಡ್‌ಶ್ಲೈಫ ಹಾಕಿಕೊಟ್ಟ. 1927ರಲ್ಲಿ ಶುರುವಾದ, ಕಾಡಿನ ನಡುವೆ ಏರಿಳಿಯೋ 20.8 ಕಿಲೋಮೀಟರಿನ ದಾರಿ. ರೇಸುಗಾರ ಜಾಕಿ ಸ್ಟುವರ್ಟ್ ಅದಕ್ಕೆ ಹಸಿರು ನರಕ ಅಂತ ಹೆಸರಿಟ್ಟರು. ಲೇಸರಿನಿಂದ ಅಳೆದು ಮಾಡಿದ್ದರಿಂದ ರಸ್ತೆಯ ಉಬ್ಬುತಗ್ಗು ಕೂಡ ಕೈಗೆ ಸಿಗುತ್ತೆ ಅಂತ ಮಗ ಉಪದೇಶ ಮಾಡುತ್ತಿದ್ದ. ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ. ಮೂರನೇ ಗೇರಲ್ಲಿ, ನಿಧಾನಕ್ಕೆ, ಪ್ರತಿ ತಿರುವಿಗೂ ಮುಂಚೆ ಬ್ರೇಕು ಮುಟ್ಟಿ, ಎಡಗೈಯನ್ನೂ ಸ್ಟೀರಿಂಗಿನ ಮೇಲೇ ಇಟ್ಟುಕೊಂಡು ಹೋಗುತ್ತಿದ್ದರು. ಮಗ ಏಳೂವರೆ ನಿಮಿಷದಲ್ಲಿ ಮುಗಿಸೋ ಸುತ್ತಿಗೆ ಅಪ್ಪ ಹದಿನೇಳು ನಿಮಿಷ ತಗೊಂಡರು. ಒಂದು ಕಡೆಯೂ ತಾಗಿಸಲಿಲ್ಲ.

ನಡುವೆ ಒಂದು ಕುರುಡು ತಿರುವು ಬಂತು. ಅಪ್ಪನ ಬಲಗೈ ಹೆಬ್ಬೆರಳು ಸ್ಟೀರಿಂಗಿನ ನಡುಭಾಗವನ್ನು ತಡಕಾಡಿತು.

'ಹಾರನ್ ಎಲ್ಲೋ?'

'ಅಜ್ಜಾ, ಎದುರಿಂದ ಯಾರೂ ಬರಲ್ಲ. ಇದು ರೇಸ್ ಟ್ರ್ಯಾಕು.'

'ಬರಲ್ಲ ಅಂತ ನೀನು ಹೇಳ್ತೀಯ. ಹಾರನ್ ಹಾಕಿಕೊಡು ಮೊದಲು.'

ಮಗ ಆಟ ನಿಲ್ಲಿಸಿ, ಕಂಟ್ರೋಲ್ಸ್ ಪುಟಕ್ಕೆ ಹೋಗಿ, ಬಲಗಡೆಯ ಒಂದು ಗುಂಡಿಗೆ ಹಾರನ್ ಕೊಟ್ಟ. ಸಂಜೆಯವರೆಗೂ ಪಕ್ಕದ ಮನೆಯವರಿಗೆ ಕೇಳಿಸಿರಬೇಕು.