ಅಂದಾಜು ಒಂದು, ಆದದ್ದು ಮೂರು!

ಎತ್ತಿನಹೊಳೆ ನೀರು ಬಂದೇ ಬಿಟ್ಟಿತು ಎಂದು ಕೋಲಾರ ಜಿಲ್ಲೆಯ ಜನರಿಗೆ ಮಾತು ಕೊಟ್ಟು ಹನ್ನೆರಡು ವರ್ಷಕ್ಕೂ ಮೇಲಾಯಿತು. 2012ರಲ್ಲಿ ಸರ್ಕಾರ ಯೋಜನೆಗೆ ಮಂಜೂರಾತಿ ಕೊಟ್ಟಾಗ ವೆಚ್ಚ 8,323 ಕೋಟಿ ರೂಪಾಯಿ ಎಂದರು. 2014ರಲ್ಲಿ ಶಂಕುಸ್ಥಾಪನೆಯ ಹೊತ್ತಿಗೆ ಅದು 12,912 ಕೋಟಿ ಆಯಿತು. 2023ರಲ್ಲಿ 23,251 ಕೋಟಿಗೆ ಏರಿತು. ನೀರು ಮಾತ್ರ ಅಂದೂ 24 ಟಿ.ಎಂ.ಸಿ., ಇಂದೂ 24 ಟಿ.ಎಂ.ಸಿ. ಅಷ್ಟು ನೀರು ಅಲ್ಲಿಲ್ಲ, 9.55 ಟಿ.ಎಂ.ಸಿ. ಮಾತ್ರ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಹೇಳಿತು. ಆ ಮಾತು ಪತ್ರಿಕೆಗಳಲ್ಲಿ ಬಂದು ಪತ್ರಿಕೆಗಳಲ್ಲೇ ಉಳಿಯಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ ನಡೆದು ಮಂತ್ರಿಮಹಾಶಯರು ಬಾಗಿನ ಬಿಟ್ಟರು. ಆ ದಿನ ಬಂಗಾರಪೇಟೆಯ ಕೊಳಾಯಿಯಲ್ಲಿ ಅದರ ಒಂದು ಹನಿಯೂ ಇರಲಿಲ್ಲ.

ಬೆಲೆ ಏರಿತು, ಭೂಸ್ವಾಧೀನದ ಪರಿಹಾರ ಏರಿತು, ಕಬ್ಬಿಣ ಸಿಮೆಂಟು ಏರಿತು ಎಂದು ಇಂಜಿನಿಯರುಗಳು ಉತ್ತರ ಹೇಳುತ್ತಾರೆ. ಇರಬಹುದು, ಸ್ವಲ್ಪ ಮಟ್ಟಿಗೆ ನಿಜವೂ ಹೌದು. ರೈತನ ಭೂಮಿಗೆ ಹೆಚ್ಚು ಪರಿಹಾರ ಕೊಟ್ಟಿದ್ದರೆ ನಮಗೆ ಸಂತೋಷವೇ. ಆದರೆ ಒಂದು ರೂಪಾಯಿಯ ಕೆಲಸ ಮೂರು ರೂಪಾಯಿಯ ಹತ್ತಿರಕ್ಕೆ ಬಂದಾಗ, ಏರಿದ ಸುಮಾರು 14,900 ಕೋಟಿಯಲ್ಲಿ ಭೂಮಿಗೆಷ್ಟು, ಪೈಪಿಗೆಷ್ಟು, ತಡವಾದ ತಪ್ಪಿಗೆಷ್ಟು ಎಂಬ ಲೆಕ್ಕವನ್ನು ಸಾಲುಸಾಲಾಗಿ ಬಿಡಿಸಿ ಕೋಲಾರದ ಜನರ ಮುಂದೆ ಇಡಬೇಕಾದವರು ಯಾರು? ಹತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಉತ್ತರ ಮಾತ್ರ ಬರೆದು ಮಾಡಿದ ಕ್ರಮ ತೋರಿಸದ ಹುಡುಗನಿಗೆ ನಾನು ಪೂರ್ತಿ ಅಂಕ ಕೊಟ್ಟದ್ದಿಲ್ಲ. ಸರ್ಕಾರಕ್ಕೆ ಮಾತ್ರ ಏಕೆ ಕೊಡಬೇಕು?

ಇದು ಇಂದಿನ ರೋಗವಲ್ಲ. 1951ರ ಜುಲೈ 13ರಂದು ಪಂಡಿತ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಬಂಗಾರಪೇಟೆ ಸೀಮೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು. ಅವರ ಕಾಲದ ನಕ್ಷೆ ಈಗಿನದಕ್ಕಿಂತ ಎಷ್ಟೋ ಚಿಕ್ಕದು, ಸರಳವಾದದ್ದು. ಮುಂದಿನ ವರ್ಷ ಬಂದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟು ಶಿಲೆಯ ಅರಮನೆಯನ್ನೇ ಎಬ್ಬಿಸಿದರು. ಸೆರೆಮನೆಯ ಕೈದಿಗಳೂ ಅಲ್ಲಿ ಕಲ್ಲು ಕಡಿದರು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಖರ್ಚು ಮೊದಲ ಅಂದಾಜನ್ನು ಎಲ್ಲೋ ಹಿಂದೆ ಬಿಟ್ಟು ಬಂದಿತ್ತು. ಅದರ ಮೇಲೆ ವಿಚಾರಣೆಯೂ ನಡೆಯಿತು. ಕಟ್ಟಡ ಸುಂದರವಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಚಾರಣೆ ನಡೆದದ್ದು ಕಟ್ಟಿ ಮುಗಿದ ಮೇಲೆ! ಹಣ ಹೋಗುವಾಗ ಹಿಡಿಯುವ ಕೈ ಇಲ್ಲ, ಹೋದ ಮೇಲೆ ಕೂತು ಬರೆಯುವ ಲೇಖನಿ ಬೇಕಾದಷ್ಟು ಇವೆ. ನಮ್ಮ ಸರ್ಕಾರಗಳು ಆ ಕಟ್ಟಡದಿಂದ ಕಲಿತದ್ದು ಗೋಪುರ ಕಟ್ಟುವುದನ್ನು. ಅದರ ವಿಚಾರಣೆಯಿಂದ ಏನನ್ನೂ ಕಲಿಯಲಿಲ್ಲ. 2012ರಲ್ಲಿ ಬೆಳಗಾವಿಯಲ್ಲಿ ನೂರಾರು ಕೋಟಿಯ ಸುವರ್ಣಸೌಧ ಎದ್ದಿತು. ಅಲ್ಲಿ ಶಾಸಕರು ಕೂರುವುದು ವರ್ಷಕ್ಕೆ ಹೆಚ್ಚೆಂದರೆ ಎರಡು ವಾರ.

ಈಗ ಸಾಲದ ಮಾತಿಗೆ ಬರೋಣ. ಸಾಲ ಮಾಡುವುದೇ ಪಾಪ ಎನ್ನುವವರ ಗುಂಪಿಗೆ ನಾವು ಸೇರಿದವರಲ್ಲ. ಸರ್ಕಾರದ ಹಣ ಹೇಗೆ ದುಡಿಯಬೇಕೆಂಬುದಕ್ಕೆ ಸಾಕ್ಷಿ ಕೆ.ಜಿ.ಎಫ್.ನಲ್ಲೇ ಇದೆ. 1902ರಲ್ಲಿ ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ವಿದ್ಯುತ್ತು ತೆಗೆದು ಸುಮಾರು 147 ಕಿಲೋಮೀಟರು ತಂತಿ ಎಳೆದು ಇಲ್ಲಿನ ಗಣಿಗಳಿಗೆ ತಂದಿತು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ. ಆ ವಿದ್ಯುತ್ತು ಮೊದಲು ಬೆಳಗಿದ್ದು ದೊರೆಗಳ ಬಂಗಲೆ ಮತ್ತು ಗಣಿಯ ಯಂತ್ರಗಳನ್ನೇ ಹೊರತು ಕೂಲಿಕಾರನ ಲೈನು ಮನೆಯನ್ನಲ್ಲ, ಅದು ಬೇರೆ ವಿಷಯ. ಆದರೆ ಲೆಕ್ಕ ಮಾತ್ರ ನೇರವಾಗಿತ್ತು: ಹಾಕುವ ಹಣ ಎಷ್ಟು, ವಿದ್ಯುತ್ತು ಕೊಳ್ಳುವವರು ಯಾರು, ಅವರು ಕೊಡುವ ದರ ಎಷ್ಟು ಎಂದು ಜಾನ್ ಟೇಲರ್ ಕಂಪನಿಯವರೊಡನೆ ಮೊದಲೇ ಕರಾರು ಆಗಿತ್ತು.

ಈಗಿನ ಲೆಕ್ಕ ನೋಡಿ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025-26ರ ಮುಂಗಡಪತ್ರದ ಗಾತ್ರ 4 ಲಕ್ಷ 9 ಸಾವಿರ ಕೋಟಿ. ಅದರಲ್ಲಿ ಸಾಲ 1 ಲಕ್ಷ 16 ಸಾವಿರ ಕೋಟಿ. ರಾಜಸ್ವ ಕೊರತೆ 19,262 ಕೋಟಿ. ಅಂದರೆ ಅಷ್ಟು ಹಣ ಸಾಲ ತಂದು ದಿನದ ಖರ್ಚಿಗೆ ಸುರಿದಂತೆ. ಆರ್ಥಿಕ ಹೊಣೆಗಾರಿಕೆಗೆ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು, 2002ರಲ್ಲಿ. ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ನೂರಕ್ಕೆ 3 ಮೀರಬಾರದು, ಒಟ್ಟು ಹೊಣೆ ನೂರಕ್ಕೆ 25 ಮೀರಬಾರದು ಎಂದು ಅದರಲ್ಲಿ ಬರೆದಿದೆ. ಆ ವರ್ಷದ ಅಂದಾಜು ಎಷ್ಟು ಗೊತ್ತೆ? ಕೊರತೆ 2.95, ಹೊಣೆ 24.91! ಪರೀಕ್ಷೆಯಲ್ಲಿ ಸರಿಯಾಗಿ ಮೂವತ್ತೈದೇ ಅಂಕ ತೆಗೆದು ಪಾಸಾದ ಹುಡುಗನ ಉತ್ತರಪತ್ರಿಕೆಯನ್ನು ಯಾವ ಮೇಷ್ಟ್ರೂ ಇನ್ನೊಮ್ಮೆ ತಿರುವಿ ನೋಡದೆ ಬಿಡುವುದಿಲ್ಲ. ಗೆರೆ ಅಡ್ಡ ಬಂದಾಗ ಗೆರೆಯನ್ನೇ ಸರಿಸಿದ್ದೂ ಉಂಟು. 2020ರಲ್ಲಿ ಸಾಂಕ್ರಾಮಿಕದ ಕಾಲದಲ್ಲಿ ತಿದ್ದುಪಡಿ ಮಾಡಿ 3ನ್ನು 5 ಮಾಡಿದರು. ಆಗ ಕಾರಣ ಇತ್ತು, ಒಪ್ಪೋಣ.

ಇನ್ನೊಂದು ದಾರಿ ಇದಕ್ಕಿಂತ ಅಪಾಯದ್ದು. ಬೇತಮಂಗಲದ ಒಬ್ಬ ರೈತ ತನ್ನ ಹೆಸರಲ್ಲಿ ಸಾಲ ಸಿಗದಿದ್ದಾಗ ಭಾವಮೈದುನನ ಹೆಸರಲ್ಲಿ ಸೊಸೈಟಿ ಸಾಲ ತೆಗೆದು, ಕಂತು ತಾನೇ ಕಟ್ಟುತ್ತ, ಊರಿನಲ್ಲಿ 'ನನಗೆ ಸಾಲವೇ ಇಲ್ಲ' ಎಂದು ಹೇಳಿಕೊಂಡು ತಿರುಗಿದರೆ ಏನನ್ನುತ್ತೀರಿ? ಸರ್ಕಾರ ಮಾಡಿದ್ದು ಅದನ್ನೇ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು, 1998ರಲ್ಲಿ ಕರ್ನಾಟಕ ನೀರಾವರಿ ನಿಗಮ, 2003ರಲ್ಲಿ ಕಾವೇರಿ ನೀರಾವರಿ ನಿಗಮ. ಈ ನಿಗಮಗಳ ಹೆಸರಲ್ಲಿ ಸಾಲ ಎತ್ತುವುದು, ಅಸಲು ಬಡ್ಡಿ ಖಜಾನೆಯಿಂದ ಕಟ್ಟುವುದು, ಮುಂಗಡಪತ್ರದ ಸಾಲದ ಪಟ್ಟಿಯಲ್ಲಿ ಮಾತ್ರ ಕಾಣಿಸದಿರುವುದು. ಮಹಾಲೇಖಪಾಲರು ಇದನ್ನು ಎತ್ತಿ ತೋರಿಸಿದರು. ಕಡೆಗೆ 2014ರ ತಿದ್ದುಪಡಿಯಲ್ಲಿ ಇಂಥ ಸಾಲವನ್ನೂ ರಾಜ್ಯದ ಒಟ್ಟು ಹೊಣೆಗೆ ಸೇರಿಸಬೇಕೆಂದಾಯಿತು. ಒಳ್ಳೆಯದೇ. ಆದರೆ ಮೊತ್ತ ಸೇರಿದರೆ ಸಾಲದು. ಯಾವ ನಿಗಮ, ಯಾವ ಕಾಲುವೆಗೆ, ಯಾವ ಬಡ್ಡಿಗೆ, ಎಷ್ಟು ವರ್ಷಕ್ಕೆ ತಂದಿತು, ಆ ಕಾಲುವೆಯಲ್ಲಿ ನೀರು ಹರಿಯಿತೇ ಇಲ್ಲವೇ ಎಂಬುದು ಒಂದೊಂದು ಸಾಲದ ಎದುರಿಗೂ ಓದಿದವರಿಗೆಲ್ಲ ಅರ್ಥವಾಗುವ ಕನ್ನಡದಲ್ಲಿ ಇರಬೇಕು.

ಇಲ್ಲಿ ಸಿರಿವಂತರ ಪತ್ರಿಕೆಗಳಿಗೂ ಒಂದು ಮಾತು. ಖಜಾನೆ ಬರಿದಾಗಲು ಗ್ಯಾರಂಟಿಗಳೇ ಕಾರಣ, ಹೆಂಗಸರಿಗೆ ಬಸ್ಸು ಬಿಟ್ಟಿ ಕೊಟ್ಟದ್ದೇ ಕಾರಣ ಎಂದು ಇವರು ದಿನವೂ ಬರೆಯುತ್ತಾರೆ. ಕೂಲಿಗೆ ಹೋಗುವ ತಾಯಿಯ ಟಿಕೆಟ್ಟು ಇವರ ಕಣ್ಣಿಗೆ ಬೀಳುತ್ತದೆ. ಒಂದೇ ಯೋಜನೆಯ ಅಂದಾಜಿನಲ್ಲಿ ಏರಿದ ಸಾವಿರಾರು ಕೋಟಿ ಬೀಳುವುದಿಲ್ಲ. ಇದು ಯಾವ ನ್ಯಾಯ? ಕೆ.ಜಿ.ಎಫ್.ನವರಿಗೆ ಈ ನ್ಯಾಯದ ಪರಿಚಯ ಚೆನ್ನಾಗಿದೆ. ನೂರಿಪ್ಪತ್ತು ವರ್ಷ ಭೂಮಿಯ ಹೊಟ್ಟೆಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದು ಸುಮಾರು 800 ಟನ್ನು ಚಿನ್ನ ತೆಗೆದುಕೊಟ್ಟ ಗಣಿಗಳವು. 1956ರಲ್ಲಿ ರಾಜ್ಯ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಒಪ್ಪಿಸಿತು, 2001ರ ಫೆಬ್ರವರಿ 28ರಂದು ಕೇಂದ್ರ ಬೀಗ ಹಾಕಿತು. ಗಣಿ ಮುಚ್ಚುವಾಗ ನಷ್ಟವನ್ನು ಪೈಸೆಪೈಸೆ ಲೆಕ್ಕ ಹಾಕಿದರು. ಕಾರ್ಮಿಕನ ಕೂಲಿಯನ್ನು ನಷ್ಟದ ಕಲಮಿನಲ್ಲಿ ಬರೆಯುವಾಗ ಇದ್ದ ಆ ಸೂಕ್ಷ್ಮ ದೃಷ್ಟಿ, ಗುತ್ತಿಗೆದಾರನ ಪರಿಷ್ಕೃತ ಅಂದಾಜಿಗೆ ರುಜು ಹಾಕುವಾಗ ಎಲ್ಲಿ ಹೋಗುತ್ತದೆ? ಆ ಗಣಿಕಾರ್ಮಿಕರ ಮಕ್ಕಳು ಇಂದು ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಗುತ್ತಿಗೆಯ ಕತೆ ಗುತ್ತಿಗೆದಾರರ ಬಾಯಿಂದಲೇ ಬಂದಿದೆ. ಬಿಲ್ಲು ಪಾಸಾಗಬೇಕಾದರೆ ನೂರಕ್ಕೆ 40 ಕೊಡಬೇಕೆಂದು ಅವರ ಸಂಘ 2021ರಲ್ಲಿ ಪ್ರಧಾನಮಂತ್ರಿಗೇ ಪತ್ರ ಬರೆಯಿತು. ಆ ಆಪಾದನೆಯ ಮೇಲೆ ಅಧಿಕಾರವೇ ಬದಲಾಯಿತು. 2023ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ನೇಮಕವಾಗಿ 2025ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಇದೂ ವಿಧಾನಸೌಧದ ದಾರಿಯೇ: ಕಟ್ಟಿ ಮುಗಿದ ಮೇಲಿನ ವಿಚಾರಣೆ. 1999ರ ಪಾರದರ್ಶಕತೆ ಕಾಯ್ದೆ ಟೆಂಡರು ಕರೆಯಬೇಕೆನ್ನುತ್ತದೆ. ಅದೇ ಕಾಯ್ದೆಯ 4(ಜಿ) ಕಲಮು ಸರ್ಕಾರ ಬೇಕೆಂದಾಗ ಕರೆಯದೆ ಕೊಡಬಹುದೆನ್ನುತ್ತದೆ. ಬಾಗಿಲಿಗೆ ಬೀಗ ಹಾಕಿ ಹಿತ್ತಲಿನ ಕದ ತೆರೆದಿಟ್ಟಂತೆ.

ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯ ಹೊಸ ಕೊಠಡಿ ಎರಡನೆಯ ಮಳೆಗಾಲಕ್ಕೇ ಸೋರಿತು. ಅಳತೆ ಪುಸ್ತಕದಲ್ಲಿ ತಾರಸಿ ಎಷ್ಟು ದಪ್ಪವೆಂದು ಬರೆದಿದೆ, ತೋರಿಸಿ ಎಂದು ಕೇಳಿದೆವು. ಅದು ಇಲಾಖೆಯ ಗುಟ್ಟಿನ ಕಾಗದವೆನ್ನುವಂತೆ ನಮ್ಮನ್ನು ನೋಡಿದರು. ಪರಿಹಾರ ಇಲ್ಲಿಂದಲೇ ಶುರುವಾಗಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮಸಭೆಗೆ ಲೆಕ್ಕ ತನಿಖೆಯ ಹಕ್ಕು ಕೊಟ್ಟಿತ್ತು. ಮೇಘಾಲಯ 2017ರಲ್ಲಿ ಸಾಮಾಜಿಕ ಲೆಕ್ಕ ತನಿಖೆಗೆಂದೇ ಪ್ರತ್ಯೇಕ ಶಾಸನ ಮಾಡಿತು. ಆ ಗುಡ್ಡಗಾಡಿನ ಚಿಕ್ಕ ರಾಜ್ಯಕ್ಕೆ ಆದದ್ದು ನಮಗೇಕೆ ಆಗದು? ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿ, ಯಾವುದೇ ಇರಲಿ, ಅಳತೆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಅಥವಾ ವಾರ್ಡಿನ ಸಭೆಯಲ್ಲಿ ಓದಿ ಹೇಳದ ಹೊರತು ಕೊನೆಯ ಬಿಲ್ಲು ಪಾಸಾಗಬಾರದು. ಅಂದಾಜು ನೂರಕ್ಕೆ ಹತ್ತು ಮೀರಿದರೆ ಕಾರಣ ಸಮೇತ ವಿಧಾನಸಭೆಗೆ ಮರಳಿ ಬಂದು ಪ್ರತ್ಯೇಕವಾಗಿ ಚರ್ಚೆಯಾಗಬೇಕು. ಪೂರಕ ಅಂದಾಜಿನ ಕಂತೆಯಲ್ಲಿ ತುರುಕಿ ಅಧಿವೇಶನದ ಕೊನೆಯ ಸಂಜೆ ಕೈಯೆತ್ತಿಸಿ ಮುಗಿಸುವುದು ನಿಲ್ಲಬೇಕು.

ಮುಂದಿನ ಅಧಿವೇಶನಕ್ಕೆ ಮೊದಲು ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಶಾಸಕರ ಬಳಿಗೆ ನಾವು ಹೋಗಲಿದ್ದೇವೆ. ವಾಚಕರಲ್ಲಿ ಒಂದು ಕೋರಿಕೆ. ನಿಮ್ಮ ಊರಲ್ಲಿ ಸರ್ಕಾರಿ ಕಟ್ಟಡ ಏಳುತ್ತಿದ್ದರೆ ಅದರ ಮುಂದಿನ ಫಲಕದಲ್ಲಿ ಬರೆದ ಅಂದಾಜು ಮೊತ್ತ, ಶುರುವಾದ ದಿನ, ಮುಗಿಯಬೇಕಾದ ದಿನ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ಕಚೇರಿಗೆ ಕಳಿಸಿರಿ. ಫಲಕವೇ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ.